ಬರೆಯದವರನ್ನು ತೆಗೆಯಬೇಡಿ, ಬಾಗಿಲು ಭದ್ರ ಮಾಡಿ

ಓದುಗರ ಪತ್ರ: ಶಾಸನ, ವೀರಗಲ್ಲು, ಹಳೆ ಗುಡಿಗಳ ಬಗ್ಗೆ ಆಸಕ್ತಿ ಇರುವವರ ಒಂದು ಇಮೇಲ್ ಗುಂಪನ್ನು ಹಲವು ವರ್ಷಗಳಿಂದ ಗೂಗಲ್ ಗ್ರೂಪ್ಸ್‌ನಲ್ಲಿ ನಡೆಸುತ್ತಿದ್ದೇನೆ. ಆರುನೂರರ ಹತ್ತಿರ ಸದಸ್ಯರಿದ್ದಾರೆ, ಬರೆಯುವವರು ಮೂವತ್ತು ನಲವತ್ತು ಮಂದಿ ಅಷ್ಟೇ. ಈಚೆಗೆ ಸಾಲ ಕೊಡುತ್ತೇವೆ, ಕ್ರಿಪ್ಟೊ ಕೊಳ್ಳಿ ಅನ್ನುವ ಮೇಲ್‌ಗಳು ಗುಂಪಿಗೆ ಬಂದು ಬೀಳುತ್ತಿವೆ. ಒಂದು ವರ್ಷದಿಂದ ಏನೂ ಬರೆಯದವರನ್ನೆಲ್ಲ ತೆಗೆದುಬಿಡು, ಸ್ಪ್ಯಾಮ್ ಕಾಟವೂ ತಪ್ಪುತ್ತದೆ, ಗುಂಪೂ ಚುರುಕಾಗುತ್ತದೆ ಎಂದು ಗೆಳೆಯರು ಒತ್ತಾಯ ಮಾಡುತ್ತಿದ್ದಾರೆ. ಆದರೆ ಕಳೆದ ತಿಂಗಳು ಒಂದು ವೀರಗಲ್ಲಿನ ಫೋಟೊ ಹಾಕಿದಾಗ, ಅಲ್ಲಿವರೆಗೆ ಒಂದಕ್ಷರ ಬರೆಯದಿದ್ದ ಸದಸ್ಯರೊಬ್ಬರು "ಇದು ನಮ್ಮೂರಿನದು, ರಸ್ತೆ ಎತ್ತರಿಸಿದಾಗ ಕೆಳಗಿನ ಭಾಗ ಮಣ್ಣಿನಲ್ಲಿ ಹೂತುಹೋಯಿತು, ಅಲ್ಲಿ ದನಗಳ ಸಾಲು ಇತ್ತು" ಎಂದು ಬರೆದರು. ಅದನ್ನು ಓದಿದ ಮೇಲೆ ಕೈ ಬರುತ್ತಿಲ್ಲ. ಏನು ಮಾಡಲಿ? ಗುಂಪನ್ನೇ ವಾಟ್ಸ್ಆಪ್‌ಗೆ ಒಯ್ಯಲೇ?

ಸಂಪಾದಕರ ಉತ್ತರ:

ನಮಸ್ಕಾರ. ಮೊದಲೇ ಹೇಳಿಬಿಡುತ್ತೇನೆ, ಬರೆಯದವರನ್ನು ತೆಗೆಯುವ ಕೆಲಸ ಮಾತ್ರ ಮಾಡಬೇಡಿ. ಸ್ಪ್ಯಾಮ್ ಕಳಿಸುವವನು ಬೇರೆ, ಯಾರೂ ಬಳಸದೆ ಬಿಟ್ಟ ವಿಳಾಸ ಬೇರೆ, ಸುಮ್ಮನೆ ಕೂತು ಓದುವವರು ಬೇರೆ. ನಿಮ್ಮ ಗೆಳೆಯರು ಮೂರಕ್ಕೂ ಒಂದೇ ಮದ್ದು ಹೇಳುತ್ತಿದ್ದಾರೆ. ಆ ಮದ್ದು ಮೊದಲನೆಯವನಿಗೆ ತಾಗುವುದೇ ಇಲ್ಲ. ಹೇಗೆ ಅಂತೀರಾ? ಸ್ಪ್ಯಾಮ್ ಹಾಕಿದವನು ಹೋದ ವಾರ ತಾನೇ ಬರೆದಿದ್ದಾನೆ. "ವರ್ಷದಿಂದ ಬರೆಯದವರು" ಅಂತ ಪಟ್ಟಿ ಮಾಡಿದರೆ ಅದರಲ್ಲಿ ಅವನ ಹೆಸರೇ ಇರುವುದಿಲ್ಲ. ಕಳೆದ ತಿಂಗಳೇ ಈ ಪಟ್ಟಿ ಮಾಡಿದ್ದರೆ ಆ ವೀರಗಲ್ಲಿನ ಊರಿನವರ ಹೆಸರು ಖಂಡಿತ ಇರುತ್ತಿತ್ತು.

ಅವರು ಬರೆದ ಆ ಒಂದು ಸಾಲಿನ ಬೆಲೆ ನಿಮಗೆ ನಾನು ಹೇಳಬೇಕಿಲ್ಲ. ಆದರೂ ಬೇರೆ ಓದುಗರಿಗಾಗಿ ಹೇಳುತ್ತೇನೆ. ವೀರಗಲ್ಲಿನಲ್ಲಿ ಸಾಮಾನ್ಯವಾಗಿ ಮೂರು ಹಂತ. ಕೆಳಗೆ ಕಾಳಗ, ನಡುವೆ ಸತ್ತ ವೀರನನ್ನು ಅಪ್ಸರೆಯರು ಕರೆದೊಯ್ಯುವುದು, ಮೇಲೆ ಅವನು ದೇವರ ಸನ್ನಿಧಿಯಲ್ಲಿ ಕೂತಿರುವುದು. ವೀರ ಯಾಕೆ ಸತ್ತ ಅನ್ನುವ ಸುಳಿವು ಇರುವುದು ಕೆಳಗಿನ ಹಂತದಲ್ಲಿ. ಅಲ್ಲಿ ದನಗಳಿದ್ದರೆ ಅದು ತುರುಗೋಳಿನ ಕಲ್ಲು, ಅಂದರೆ ಹಸು ಹೊಡೆದುಕೊಂಡು ಹೋಗಲು ಬಂದವರ ಜೊತೆ ಕಾದಾಡಿ ಸತ್ತವನದು ಎಂದು ಹೇಳಬಹುದು. ಆ ಭಾಗ ಮಣ್ಣಿನಲ್ಲಿ ಹೂತಮೇಲೆ ಎಷ್ಟು ದೊಡ್ಡ ವಿದ್ವಾಂಸರು ಬಂದು ಫೋಟೊ ನೋಡಿದರೂ ಗೊತ್ತಾಗುವುದಿಲ್ಲ. ಅದನ್ನು ಕಣ್ಣಾರೆ ಕಂಡವರೊಬ್ಬರು ಬೇಕು. ಅಂಥವರು ನಿಮ್ಮ ಗುಂಪಿನಲ್ಲಿ ಇಷ್ಟು ದಿನ ಬಾಯಿಬಿಡದೆ ಇದ್ದರು. ತಮ್ಮೂರಿನ ಕಲ್ಲು ಬಂದ ದಿನ ಮಾತಾಡಿದರು. ಉಳಿದವರ ಊರಿನ ಕಲ್ಲು ಇನ್ನೂ ಬಂದಿಲ್ಲ, ಅಷ್ಟೇ.

ಇದು ನಿಮ್ಮ ಗುಂಪಿನ ದೋಷವೂ ಅಲ್ಲ. ಬ್ಲೇರ್ ನಾನೆಕೆ ಮತ್ತು ಜೆನಿ ಪ್ರೀಸ್ ಎಂಬ ಇಬ್ಬರು ಸಂಶೋಧಕರು 2000ರಲ್ಲಿ ಇಂಥ ಇಮೇಲ್ ಗುಂಪುಗಳನ್ನು ಲೆಕ್ಕ ಹಾಕಿ ನೋಡಿದ್ದರು. ಕಾಯಿಲೆ, ಆರೋಗ್ಯದ ಗುಂಪುಗಳಲ್ಲಿ ಬರೆಯದೆ ಓದುವವರು ಸರಾಸರಿ ನೂರಕ್ಕೆ 46ರಷ್ಟು. ಸಾಫ್ಟ್‌ವೇರ್ ತೊಂದರೆಗಳಿಗೆ ಉತ್ತರ ಕೊಡುವ ಗುಂಪುಗಳಲ್ಲಿ 82ರಷ್ಟು. 2006ರಲ್ಲಿ ವೆಬ್ ಬಳಕೆಯ ತಜ್ಞ ಯಾಕೊಬ್ ನೀಲ್ಸನ್ ಇದನ್ನು 90-9-1 ಎಂದು ಹೇಳಿದರು. ನೂರರಲ್ಲಿ ತೊಂಬತ್ತು ಜನ ಓದುತ್ತಾರೆ, ಒಂಬತ್ತು ಜನ ಆಗೀಗ ಬರೆಯುತ್ತಾರೆ, ಒಬ್ಬರು ಸದಾ ಬರೆಯುತ್ತಾರೆ. ನಿಮ್ಮ ಆರುನೂರರಲ್ಲಿ ಮೂವತ್ತು ನಲವತ್ತು ಅಂದರೆ ಇದಕ್ಕಿಂತ ಸ್ವಲ್ಪ ಕಡಿಮೆ, ಆದರೂ ಗುಂಪು ಚೆನ್ನಾಗಿಯೇ ಇದೆ! ಆರುನೂರು ಜನರೂ ದಿನಾ ಬರೆದರೆ ಓದುವವರು ಯಾರು?

ಈಗ ಸ್ಪ್ಯಾಮ್ ವಿಷಯ. ಅದು ಒಳಗೆ ಬರುವ ದಾರಿ ಯಾವುದು ಅಂತ ಮೊದಲು ನೋಡಿ. ಗುಂಪಿನ ಸೆಟ್ಟಿಂಗ್ಸ್‌ನಲ್ಲಿ ಯಾರು ಬೇಕಾದರೂ ಬರೆಯಬಹುದು ಎಂದಿದ್ದರೆ ಸದಸ್ಯರೇ ಅಲ್ಲದವರ ಮೇಲ್ ಕೂಡ ಒಳಗೆ ಬರುತ್ತದೆ. ಅದನ್ನು ಸದಸ್ಯರಿಗೆ ಮಾತ್ರ ಎಂದು ಬದಲಾಯಿಸಿ. ಯಾರು ಬೇಕಾದರೂ ಸೇರಬಹುದು ಎಂದಿದ್ದರೆ, ಕೇಳಿ ಸೇರಬೇಕು ಎಂದು ಮಾಡಿ. ಇವೆರಡರಿಂದಲೇ ಮುಕ್ಕಾಲು ಕಾಟ ನಿಲ್ಲುತ್ತದೆ ಎಂದು ನನ್ನ ನಂಬಿಕೆ.

ಸೇರಲು ಕೇಳಿದವರಿಗೆ ಒಂದು ಪುಟ್ಟ ಮೇಲ್ ಕಳಿಸಿ, ಕನ್ನಡದಲ್ಲೇ. "ನಮಸ್ಕಾರ, ನಿಮ್ಮದು ಯಾವ ಊರು? ನಿಮ್ಮ ಊರಿನ ಹತ್ತಿರ ನೀವು ನೋಡಿರುವ ಒಂದು ಹಳೆ ಕಲ್ಲು ಅಥವಾ ಗುಡಿಯ ಹೆಸರು ಹೇಳಿ." ಇಷ್ಟು ಸಾಕು. ಆಸಕ್ತಿ ಇರುವವರು ಖುಷಿಯಿಂದ ನಾಲ್ಕು ಸಾಲು ಬರೆಯುತ್ತಾರೆ. ನೂರಾರು ಗುಂಪುಗಳಿಗೆ ಒಂದೇ ಏಟಿಗೆ ಸೇರಲು ನೋಡುವವನು ಸಾಮಾನ್ಯವಾಗಿ ಉತ್ತರ ಕೊಡುವ ಗೋಜಿಗೇ ಹೋಗುವುದಿಲ್ಲ. ಇದರಿಂದ ಇನ್ನೊಂದು ಲಾಭ ಇದೆ. ವಿಳಾಸ ನಿಜವಾಗಿ ಅವರದೇ ಅಂತ ಖಾತ್ರಿಯಾಗುತ್ತದೆ. ಬೇರೆಯವರ ವಿಳಾಸ ಕೊಟ್ಟು ಸೇರಿಸಿ ಕಾಟ ಕೊಡುವ ಚಾಳಿಯೂ ಇದೆ. 2016ರ ಆಗಸ್ಟ್‌ನಲ್ಲಿ ಅಮೆರಿಕದ ಸರ್ಕಾರಿ ವಿಳಾಸಗಳನ್ನು ಹೀಗೇ ಸಾವಿರಾರು ಪಟ್ಟಿಗಳಿಗೆ ಸೇರಿಸಿ ಅವರ ಇನ್‌ಬಾಕ್ಸ್ ತುಂಬಿಸಿಬಿಟ್ಟಿದ್ದರು. ಸೇರುವ ಮೊದಲು ಒಮ್ಮೆ ಕೇಳಿ ಖಚಿತ ಮಾಡಿಕೊಳ್ಳುವ ಪಟ್ಟಿಗಳು ಇಂಥದ್ದಕ್ಕೆ ಸಿಕ್ಕುವುದಿಲ್ಲ.

ಆದರೂ ಕೆಲವರು ನಯವಾಗಿ ಉತ್ತರ ಕೊಟ್ಟು ಒಳಗೆ ಬಂದು, ಒಂದೆರಡು ತಿಂಗಳು ಸುಮ್ನಿದ್ದು, ಆಮೇಲೆ ಒಂದು ಭಾನುವಾರ ರಾತ್ರಿ ನೀವು ನೋಡದ ಹೊತ್ತಿನಲ್ಲಿ ಜಾಹೀರಾತು ಸುರಿದು ಹೋಗುತ್ತಾರೆ. ಅವರಿಗಾಗಿ ಒಂದು ಉಪಾಯ ಇದೆ. ಹೊಸ ಸದಸ್ಯರು ಬರೆದದ್ದು ನೇರವಾಗಿ ಗುಂಪಿಗೆ ಹೋಗದೆ ಮೊದಲು ನಿಮ್ಮ ಬಳಿ ನಿಲ್ಲುವ ಹಾಗೆ ಇಡಬಹುದು. ಒಂದೆರಡು ಒಳ್ಳೆಯ ಮೇಲ್ ಬಂದ ಮೇಲೆ ಅವರ ಹೆಸರಿನ ಮುಂದೆ ನೇರವಾಗಿ ಬರೆಯಲು ಅನುಮತಿ ಕೊಟ್ಟುಬಿಡಿ. ಎಷ್ಟು ದಿನ ಸದಸ್ಯರಾಗಿದ್ದರು ಅನ್ನುವುದನ್ನು ನೋಡಬೇಡಿ, ಮೊದಲ ಬರಹ ನೋಡಿ. ಮೂರು ವರ್ಷ ಸುಮ್ಮನಿದ್ದು ಮೊದಲ ಸಲ ಬರೆದರೂ ಅದು ಒಂದು ಗಳಿಗೆ ನಿಮ್ಮ ಬಳಿ ನಿಲ್ಲಲಿ. ಒಂದೇ ಒಂದು ಮನವಿ, ತಡೆದ ಮೇಲ್‌ಗಳನ್ನು ದಿನಕ್ಕೊಮ್ಮೆಯಾದರೂ ನೋಡಿ. ಎಷ್ಟೋ ವರ್ಷದ ಸಂಕೋಚ ಬಿಟ್ಟು ಮೊದಲ ಸಲ ಬರೆದವರ ಮೇಲ್ ವಾರಗಟ್ಟಲೆ ಪೆಂಡಿಂಗ್‌ನಲ್ಲಿ ಬಿದ್ದಿದ್ದರೆ ಅವರು ಮತ್ತೆ ಬರೆಯುವುದಿಲ್ಲ. ಸ್ಪ್ಯಾಮ್‌ಗಿಂತ ದೊಡ್ಡ ನಷ್ಟ ಅದು.

ಸದಸ್ಯರ ಪಟ್ಟಿ ಯಾರಿಗೆ ಕಾಣುತ್ತಿದೆ ಅನ್ನುವುದನ್ನೂ ನೋಡಿಕೊಳ್ಳಿ. ಇಮೇಲ್‌ನ ಮೊದಲ ಸ್ಪ್ಯಾಮ್ ಎಂದು ಹೆಸರಾದದ್ದು 1978ರ ಮೇ 3ರಂದು ಹೋದದ್ದು. ಡಿಜಿಟಲ್ ಇಕ್ವಿಪ್‌ಮೆಂಟ್ ಕಾರ್ಪೊರೇಶನ್ ಎಂಬ ಕಂಪನಿಯ ಗ್ಯಾರಿ ಥುಎರ್ಕ್ ತಮ್ಮ ಹೊಸ ಕಂಪ್ಯೂಟರಿನ ಪ್ರದರ್ಶನಕ್ಕೆ ಬನ್ನಿ ಎಂದು ಇಂಟರ್ನೆಟ್‌ಗೆ ಮೂಲವಾದ ಅರ್ಪಾನೆಟ್ ಎಂಬ ಜಾಲದಲ್ಲಿ ಸುಮಾರು 400 ಜನರಿಗೆ ಕಳಿಸಿದರು. ಅಷ್ಟು ವಿಳಾಸ ಎಲ್ಲಿ ಸಿಕ್ಕಿತು? ಅರ್ಪಾನೆಟ್ ಬಳಸುವವರ ಡೈರೆಕ್ಟರಿ ಅಚ್ಚಾಗಿ ಎಲ್ಲರ ಕೈಯಲ್ಲೂ ಇತ್ತು. ಅದರಿಂದ ಟೈಪ್ ಮಾಡಿಸಿದರು. ನಿಮ್ಮ ಆರುನೂರು ವಿಳಾಸ ಯಾರೋ ಒಬ್ಬ ಹೊಸ ಸದಸ್ಯನಿಗೆ ಒಂದೇ ಪುಟದಲ್ಲಿ ಕಾಣುತ್ತಿದ್ದರೆ ಅವನು ಗುಂಪಿಗೆ ಬರೆಯುವುದೇ ಬೇಡ, ಅಷ್ಟನ್ನೂ ನಕಲು ಮಾಡಿಕೊಂಡು ಹೋದರೆ ಸಾಕು. ಪಟ್ಟಿ ನಿರ್ವಾಹಕರಿಗೆ ಮಾತ್ರ ಕಾಣಲಿ.

ಇನ್ನು, ಸ್ಪ್ಯಾಮ್ ಪರಿಚಯದ ಹೆಸರಿನಿಂದಲೇ ಬಂದರೆ? ಇದೂ ಆಗುತ್ತದೆ. ನಿವೃತ್ತ ಮೇಷ್ಟ್ರ ಹೆಸರಿನಿಂದ ಕ್ರಿಪ್ಟೊ ಮೇಲ್ ಬಂದರೆ ಗುಂಪಿನಲ್ಲಿ ಎಲ್ಲರೂ ಅವರ ಮೇಲೆ ಮುಗಿಬೀಳುತ್ತಾರೆ. ದಯವಿಟ್ಟು ಅದಕ್ಕೆ ಅವಕಾಶ ಕೊಡಬೇಡಿ. ಅವರ ಪಾಸ್‌ವರ್ಡ್ ಯಾರದೋ ಕೈ ಸೇರಿರುತ್ತದೆ, ಇಲ್ಲವೇ ಅವರ ಹೆಸರು ಹಾಕಿಕೊಂಡು ಬೇರೆ ಯಾರೋ ಕಳಿಸಿರುತ್ತಾರೆ. ತೆಗೆದುಹಾಕಬೇಡಿ. ಅವರ ಮೇಲ್‌ಗಳು ನಿಮ್ಮ ಬಳಿ ನಿಲ್ಲುವ ಹಾಗೆ ಮಾಡಿ, ಫೋನ್ ಮಾಡಿ ಹೇಳಿ. ಪಾಸ್‌ವರ್ಡ್ ಬದಲಾಯಿಸಲಿ, ಎರಡು ಹಂತದ ಪರಿಶೀಲನೆ ಹಾಕಿಕೊಳ್ಳಲಿ. ಮುಖ್ಯವಾಗಿ ಮೇಲ್ ಸೆಟ್ಟಿಂಗ್ಸ್‌ನಲ್ಲಿ ಫಾರ್ವರ್ಡಿಂಗ್ ಮತ್ತು ಫಿಲ್ಟರ್ ನೋಡಲಿ. ಬಂದ ಮೇಲ್‌ಗಳೆಲ್ಲ ಇನ್ನೊಂದು ವಿಳಾಸಕ್ಕೂ ಹೋಗುವ ಹಾಗೆ ಯಾರಾದರೂ ಮಾಡಿಟ್ಟಿದ್ದರೆ ಪಾಸ್‌ವರ್ಡ್ ಬದಲಾಯಿಸಿದರೂ ಅದು ನಿಲ್ಲುವುದಿಲ್ಲ.

ಸರಿ, ಯಾರನ್ನೂ ತೆಗೆಯಲೇಬಾರದೇ? ತೆಗೆಯಬೇಕು. ಬಳಕೆಯಲ್ಲಿ ಇಲ್ಲದ ವಿಳಾಸಗಳನ್ನು. ಅವು ಯಾವುವು ಅಂತ ನೀವು ಊಹಿಸಬೇಕಿಲ್ಲ, ಮೇಲ್ ವಾಪಸ್ ಬರುತ್ತದಲ್ಲ, ಅದರಲ್ಲೇ ಬರೆದಿರುತ್ತದೆ. ಆ ಇಂಗ್ಲಿಷ್ ಗೋಜಲಿನ ನಡುವೆ ಒಂದು ಸಂಖ್ಯೆ ಹುಡುಕಿ. 5ರಿಂದ ಶುರುವಾದರೆ ಪಕ್ಕಾ ನಿರಾಕರಣೆ. 550 5.1.1 ಅಂದರೆ ಆ ವಿಳಾಸವೇ ಇಲ್ಲ. 4ರಿಂದ ಶುರುವಾದರೆ ತಾತ್ಕಾಲಿಕ ತೊಂದರೆ, 452 4.2.2 ಅಂದರೆ ಅವರ ಪೆಟ್ಟಿಗೆ ತುಂಬಿದೆ. ವಿಳಾಸವೇ ಇಲ್ಲ ಎಂದವರನ್ನು ತೆಗೆಯಿರಿ. ಪೆಟ್ಟಿಗೆ ತುಂಬಿದವರಿಗೆ ಬೇರೆ ರೀತಿಯಲ್ಲಿ ಸುದ್ದಿ ಮುಟ್ಟಿಸಿ. ಗೂಗಲ್ ಎರಡು ವರ್ಷ ಬಳಸದ ಖಾತೆಗಳನ್ನು 2023ರ ಡಿಸೆಂಬರ್‌ನಿಂದ ಅಳಿಸಲು ಶುರು ಮಾಡಿದೆ. ಹಾಗಾಗಿ ನಿಮ್ಮ ಹಳೆಯ ಜಿಮೇಲ್ ಸದಸ್ಯರಲ್ಲಿ ಕೆಲವರ ವಿಳಾಸ ಈಗ ಇಲ್ಲದಿರಬಹುದು. ಯಾಹೂ ವಿಳಾಸಗಳ ಮೇಲೆ ಇನ್ನೂ ಒಂದು ಕಣ್ಣಿಡಿ. ವರ್ಷಕ್ಕಿಂತ ಜಾಸ್ತಿ ಬಳಸದ ಯಾಹೂ ಐಡಿಗಳನ್ನು ಬೇರೆಯವರಿಗೆ ಕೊಡುವ ಕೆಲಸವನ್ನು ಆ ಕಂಪನಿ 2013ರಲ್ಲೇ ಮಾಡಿತ್ತು. ಅಂದರೆ ನಿಮ್ಮ ಹಳೆ ಸದಸ್ಯರ ವಿಳಾಸದಲ್ಲಿ ಈಗ ಯಾರೋ ಗೊತ್ತಿಲ್ಲದವರು ಕೂತಿರಲೂಬಹುದು.

ಆದರೆ ಈ ತೆಗೆಯುವ ಕೆಲಸವನ್ನು ಪೂರ್ತಿ ಯಂತ್ರದ ಕೈಗೆ ಕೊಡಬೇಡಿ. ಇದಕ್ಕೆ ಕಾರಣ ಇದೆ. ಇಮೇಲ್ ಗುಂಪು ನಡೆಸಲು ಬಳಸುವ ಮೇಲ್‌ಮ್ಯಾನ್ ಎಂಬ ಹೆಸರಾಂತ ಉಚಿತ ಸಾಫ್ಟ್‌ವೇರ್‌ನಲ್ಲಿ ಹೀಗೊಂದು ಲೆಕ್ಕ ಇತ್ತು. ಮೇಲ್ ಪಕ್ಕಾ ವಾಪಸ್ ಬಂದ ಪ್ರತಿ ದಿನಕ್ಕೆ ಒಂದು ಅಂಕ, ಐದಾದರೆ ಆ ಸದಸ್ಯರಿಗೆ ಮೇಲ್ ನಿಲ್ಲುತ್ತದೆ, ವಾರಕ್ಕೊಂದರಂತೆ ಮೂರು ಎಚ್ಚರಿಕೆ, ಆಮೇಲೆ ಹೆಸರೇ ಹೋಗುತ್ತದೆ. ಒಳ್ಳೆಯ ಏರ್ಪಾಟೇ. ಆದರೆ 2014ರ ಏಪ್ರಿಲ್‌ನಲ್ಲಿ ಯಾಹೂ ತನ್ನ ನಿಯಮ ಬಿಗಿ ಮಾಡಿತು. ಯಾಹೂ ವಿಳಾಸದ ಮೇಲ್ ನಿಜವಾಗಿ ತನ್ನ ಸರ್ವರಿನಿಂದಲೇ ಬಂದಿದೆ ಎಂದು ರುಜುವಾತಾಗದಿದ್ದರೆ ತಿರಸ್ಕರಿಸಿ ಎಂದು ಉಳಿದ ಮೇಲ್ ಕಂಪನಿಗಳಿಗೆ ಹೇಳಿತು. ಗುಂಪಿನ ಮೇಲ್ ಹೋಗುವುದು ಗುಂಪಿನ ಸರ್ವರಿನಿಂದ, ಅದಕ್ಕೆ ಕೊನೆಯಲ್ಲಿ ಎರಡು ಸಾಲು ಸೇರಿರುತ್ತದೆ, ರುಜುವಾತು ಎಲ್ಲಿಂದ ಬರಬೇಕು? ಯಾಹೂ ಸದಸ್ಯರೊಬ್ಬರು ಬರೆದರೆ ಜಿಮೇಲ್‌ನವರಿಗೆ ಹೋದದ್ದು ವಾಪಸ್ ಬರುತ್ತಿತ್ತು, ಅಂಕ ಬೀಳುತ್ತಿದ್ದದ್ದು ಮಾತ್ರ ಜಿಮೇಲ್‌ನವರ ಹೆಸರಿಗೆ. ಏನೂ ಮಾಡದ ಜನ ತಮ್ಮ ಗುಂಪುಗಳಿಂದ ಹೊರಗೆ ಬಿದ್ದರು. ಆಮೇಲೆ ಸಾಫ್ಟ್‌ವೇರ್ ತಿದ್ದಿದರು, ನಿಜ. ಆದರೂ ಹೆಸರು ಅಳಿಸುವ ಮೊದಲು ಒಬ್ಬ ಮನುಷ್ಯ ಅದನ್ನು ಓದಿ ನೋಡಬೇಕು ಅನ್ನುವುದು ನನ್ನ ಹಟ.

ಮೇಲ್ ಹೋಗುತ್ತಿದೆ, ಆದರೆ ಓದುತ್ತಿದ್ದಾರೋ ಇಲ್ಲವೋ ಗೊತ್ತಿಲ್ಲ ಅನ್ನುವವರಿಗೆ ವರ್ಷಕ್ಕೊಂದು ಪತ್ರ ಬರೆಯಿರಿ. "ನೀವು ಬರೆಯದಿದ್ದರೂ ಪರವಾಗಿಲ್ಲ, ಓದುತ್ತಿದ್ದರೆ ನಮಗೆ ಸಂತೋಷ. ದಿನಾ ಇಷ್ಟೊಂದು ಮೇಲ್ ಬೇಡ ಅನಿಸಿದರೆ ಎಲ್ಲ ಸೇರಿಸಿ ದಿನಕ್ಕೊಂದೇ ಬರುವ ಹಾಗೆ ಮಾಡಿಕೊಡುತ್ತೇವೆ. ಬಿಡಬೇಕು ಅನಿಸಿದರೆ ಈ ಮೇಲ್‌ಗೆ 'ಸಾಕು' ಎಂದು ಉತ್ತರಿಸಿ." ಬೆದರಿಕೆ ಬೇಡ, ಗಡುವು ಬೇಡ. ಉತ್ತರ ಬರದಿದ್ದರೂ ಇರಲಿ ಬಿಡಿ. ಗೂಗಲ್ ಗ್ರೂಪ್ಸ್‌ನಲ್ಲಿ ತಲೆಗಿಷ್ಟು ಅಂತ ನೀವೇನೂ ದುಡ್ಡು ಕೊಡುತ್ತಿಲ್ಲವಲ್ಲ.

ಬಿಡುವ ದಾರಿ ಸುಲಭ ಇರಬೇಕು ಅನ್ನುವುದಕ್ಕೆ ಇನ್ನೊಂದು ಕಾರಣವೂ ಇದೆ. ದಾರಿ ಕಾಣದವರು ಸಿಟ್ಟಿನಲ್ಲಿ "ಸ್ಪ್ಯಾಮ್" ಗುಂಡಿ ಒತ್ತುತ್ತಾರೆ. ಹಾಗೆ ಒತ್ತುವವರು ಹೆಚ್ಚಾದರೆ ನಿಮ್ಮ ಗುಂಪಿನ ಮೇಲ್ ಉಳಿದವರ ಇನ್‌ಬಾಕ್ಸ್‌ಗೂ ಹೋಗದೆ ಸ್ಪ್ಯಾಮ್ ಪೆಟ್ಟಿಗೆಗೆ ಬೀಳಲು ಶುರುವಾಗುತ್ತದೆ. ದಿನಕ್ಕೆ 5,000ಕ್ಕಿಂತ ಹೆಚ್ಚು ಮೇಲ್ ಕಳಿಸುವವರಿಗೆ ಗೂಗಲ್ 2024ರ ಫೆಬ್ರುವರಿಯಿಂದ ಇಂಥ ದೂರು ನೂರಕ್ಕೆ 0.3 ಮುಟ್ಟಬಾರದು ಎಂದಿದೆ. ಸಾವಿರಕ್ಕೆ ಮೂರು! ಪುಟ್ಟ ಗುಂಪಿನ ಮೇಲ್ ಮೇಲೂ ಈ ದೂರುಗಳ ಪರಿಣಾಮ ಆಗುತ್ತದೆ. ಪ್ರತಿ ಮೇಲ್‌ನ ಕೊನೆಯಲ್ಲಿ ಗುಂಪು ಬಿಡುವುದು ಹೇಗೆ ಅಂತ ಕನ್ನಡದಲ್ಲಿ ಒಂದು ಸಾಲು ಹಾಕಿ. ಈಗಿರುವ ಇಂಗ್ಲಿಷ್ ಸಾಲನ್ನು ನಮ್ಮ ಹಿರಿಯರು ಯಾರೂ ಓದುವುದಿಲ್ಲ.

ವಾಟ್ಸ್ಆಪ್ ಬೇಡ ಅಂತೀನಿ. ಅಲ್ಲಿ ಸಾಮಾನ್ಯವಾಗಿ ಪ್ರತಿಯೊಬ್ಬರ ಫೋನ್ ನಂಬರ್ ಎಲ್ಲರಿಗೂ ಕಾಣುತ್ತದೆ, ಹೊಸದಾಗಿ ಬಂದವರಿಗೆ ಹಳೆಯ ಚರ್ಚೆ ಪೂರ್ತಿ ಸಿಗುವುದಿಲ್ಲ, ಶುಭೋದಯದ ಚಿತ್ರಗಳ ನಡುವೆ ಶಾಸನಪಾಠ ಎಲ್ಲಿ ಹುಡುಕುತ್ತೀರಿ? ನಿಮ್ಮಲ್ಲಿ ಸೇರಿರುವುದು ಇನ್ನೆಲ್ಲೂ ಸಿಗದ ಮಾಹಿತಿ. ಅದನ್ನು ಕಾಪಾಡುವ ಕೆಲಸವೂ ನಿಮ್ಮ ಮೇಲಿದೆ. ಗೂಗಲ್ ಗ್ರೂಪ್ಸ್‌ನಂಥದ್ದೇ ಆಗಿದ್ದ ಯಾಹೂ ಗ್ರೂಪ್ಸ್ 2020ರ ಡಿಸೆಂಬರ್ 15ಕ್ಕೆ ಪೂರ್ತಿ ಮುಚ್ಚಿತು. ಅದಕ್ಕೂ ಮೊದಲೇ ಹಳೆಯ ಸಂದೇಶ, ಫೋಟೊಗಳನ್ನೆಲ್ಲ ಅಳಿಸಿದ್ದರು. ಇಳಿಸಿಟ್ಟುಕೊಳ್ಳದ ಗುಂಪುಗಳ ವರ್ಷಗಟ್ಟಲೆಯ ಮಾತು ಹಾಗೇ ಹೋಯಿತು. ಗುಂಪಿನ ಮಾಲೀಕರು ಗೂಗಲ್ ಟೇಕ್‌ಔಟ್ ಎಂಬ ಸೌಲಭ್ಯದಿಂದ ಸಂದೇಶಗಳನ್ನೆಲ್ಲ ಇಳಿಸಿಕೊಳ್ಳಬಹುದು. ವರ್ಷಕ್ಕೊಮ್ಮೆ ಇಳಿಸಿ. ಗುಂಪಿನಲ್ಲಿ ಇನ್ನೊಬ್ಬರನ್ನು ನಿಮ್ಮ ಜೊತೆ ಮಾಲೀಕರನ್ನಾಗಿ ಮಾಡಿ, ಒಂದು ಪ್ರತಿ ಅವರ ಬಳಿಯೂ ಇರಲಿ.