13 ವರ್ಷದ ಮಗಳ ನೃತ್ಯ ಹಿಂದಕ್ಕೆ ಹೋದಂತೆ ಕಾಣುತ್ತಿದೆ, ಕಲಾಶಾಲೆಯಿಂದ ಬಿಡಿಸಬೇಕೇ?

ನಿಮ್ಮ ಮಗಳು ನೃತ್ಯವನ್ನೂ ಪಾಠವನ್ನೂ ಜೊತೆಯಾಗಿ ಕಲಿಸುವ ವಸತಿ ಪ್ರೌಢಶಾಲೆಯಲ್ಲಿ ಎಂಟನೆಯ ತರಗತಿಯಲ್ಲಿದ್ದಾಳೆ. ಹೋದ ವರ್ಷ ಚೆನ್ನಾಗಿ ಅರಮಂಡಿ (ಮಂಡಿ, ಪಾದ ಎರಡನ್ನೂ ಪಕ್ಕಕ್ಕೆ ತಿರುಗಿಸಿ ಅರ್ಧ ಕೂರುವ ಭಂಗಿ) ಕೂರುತ್ತಿದ್ದವಳು ಈಗ ಮೊಣಕಾಲು ನೋವು ಎನ್ನುತ್ತಾಳೆ, ತಾಳ ತಪ್ಪುತ್ತಾಳೆ. ವರ್ಣ ಎಂಬ ದೀರ್ಘ ನೃತ್ಯವನ್ನು ಶುರು ಮಾಡಬೇಕಿದ್ದ ಗುರುಗಳು ಅವಳನ್ನು ಮತ್ತೆ ಮೊದಲ ಪಾಠಗಳಾದ ಅಡವುಗಳಿಗೆ ಇಳಿಸಿದ್ದಾರೆ. ಅಲ್ಲಿಂದ ಬಿಡಿಸಿ ಊರಿನಲ್ಲೇ ಕಲಿಸಿ ಬೇಗ ರಂಗಪ್ರವೇಶ ಮಾಡಿಸಬಹುದೇ ಎಂದು ಕೇಳಿದ್ದೀರಿ.

ಇಂಥದೇ ಒಂದು ಶಾಲೆಯಲ್ಲಿ ಭರತನಾಟ್ಯ ಕಲಿಸುವವಳು ನಾನು. ದಯವಿಟ್ಟು ಬಿಡಿಸಬೇಡಿ. ನೀವು ಬರೆದಿರುವುದನ್ನು ನೋಡಿದರೆ ಆ ಗುರುಗಳು ಮಾಡುತ್ತಿರುವುದು ಸರಿಯಾಗಿಯೇ ಇದೆ.

ಹೆಣ್ಣುಮಕ್ಕಳು ಹೆಚ್ಚಾಗಿ 11ರಿಂದ 13ರ ನಡುವೆ, ಗಂಡುಮಕ್ಕಳು 13ರಿಂದ 15ರ ನಡುವೆ ನೋಡನೋಡುತ್ತಲೇ ಎತ್ತರವಾಗುತ್ತಾರೆ. ಮೂಳೆ ಬೆಳೆದ ವೇಗಕ್ಕೆ ಸ್ನಾಯುಗಳು ಹೊಂದಿಕೊಳ್ಳಲು ಸಮಯ ಬೇಕು. ಅಷ್ಟರವರೆಗೆ ತೊಡೆ ಬಿಗಿಯುತ್ತದೆ, ಸೊಂಟದ ಕೀಲು ಮೊದಲಿನಷ್ಟು ಹೊರಕ್ಕೆ ತಿರುಗುವುದಿಲ್ಲ, ಕಾಲು ಎಲ್ಲಿಗೆ ಬೀಳುತ್ತದೆ ಎಂಬ ಅಂದಾಜೂ ತಪ್ಪುತ್ತದೆ. ಮಂಡಿಚಿಪ್ಪಿನ ಕೆಳಗೆ, ಮೊಣಕಾಲಿನ ಮೂಳೆ ಉಬ್ಬಿರುವ ಕಡೆ ಮುಟ್ಟಿದರೆ ನೋಯುವುದು ಈ ವಯಸ್ಸಿನ ನೃತ್ಯಗಾರರಲ್ಲೂ ಆಟಗಾರರಲ್ಲೂ ಸಾಮಾನ್ಯ. ಜಿಗಿತ ಮತ್ತು ತಟ್ಟು ಕಡಿಮೆ ಮಾಡಿದರೆ ಅದು ಕ್ರಮೇಣ ಇಳಿಯುತ್ತದೆ.

ಅರಮಂಡಿಯಲ್ಲಿ ಆಗುವ ಎಡವಟ್ಟನ್ನು ಮನೆಯಲ್ಲೇ ನೋಡಬಹುದು. ಮಗಳನ್ನು ಎದುರಿಗೆ ನಿಲ್ಲಿಸಿ ಅರಮಂಡಿ ಕೂರಲು ಹೇಳಿ. ಮಂಡಿಚಿಪ್ಪಿನ ನಡುವಿನಿಂದ ನೇರವಾಗಿ ಕೆಳಗೆ ಗೆರೆ ಎಳೆದರೆ ಅದು ಕಾಲಿನ ಎರಡನೆಯ ಬೆರಳಿನ ಮೇಲೆ ಬೀಳಬೇಕು. ಸೊಂಟ ತಿರುಗದಿದ್ದಾಗ ಮಕ್ಕಳು ಪಾದವನ್ನು ಮಾತ್ರ ಪಕ್ಕಕ್ಕೆ ತಿರುಗಿಸಿ ಇಡುತ್ತಾರೆ. ಆಗ ಮಂಡಿ ಒಳಕ್ಕೆ ವಾಲುತ್ತದೆ, ಪಾದದ ಒಳಬದಿ ನೆಲಕ್ಕೆ ಕುಸಿಯುತ್ತದೆ, ಬೆನ್ನಿನ ಕೆಳಭಾಗ ಹಳ್ಳ ಬೀಳುತ್ತದೆ. ಮೇಲ್ನೋಟಕ್ಕೆ ಚಂದದ ಅರಮಂಡಿ, ಆದರೆ ತಿರುಚಿನ ಭಾರವೆಲ್ಲ ಮೊಣಕಾಲಿನ ಮೇಲೆ. ಇಂಥ ಮಗುವಿಗೆ ನಾನು ಪಾದದ ಕೋನ ಕಡಿಮೆ ಮಾಡಿಸಿ, ಬೆನ್ನನ್ನು ಗೋಡೆಗೆ ಆನಿಸಿ, ಮಂಡಿ ಬೆರಳಿನ ನೇರಕ್ಕೆ ಬರುವಷ್ಟೇ ಇಳಿಸುತ್ತೇನೆ. ಎರಡು ಇಂಚು ಮೇಲೆ ಕೂತರೂ ಪರವಾಗಿಲ್ಲ, ಪರೀಕ್ಷಕರು ಅಂಕ ಕಳೆದರೂ ಪರವಾಗಿಲ್ಲ.

ಕಾಲು ನೆಲಕ್ಕೆ ತಟ್ಟುವ ಲೆಕ್ಕವನ್ನೂ ನೋಡಿ. ಎಂಟು ಎಣಿಕೆಯ ಆದಿತಾಳದಲ್ಲಿ ಮೊದಲನೆಯ ತಟ್ಟಡವನ್ನು (ಪಾದ ತಟ್ಟುವ ಅಡವು) ಎಣಿಕೆಗೊಂದು ತಟ್ಟಿನಂತೆ ಮಾಡಿದರೆ ಒಂದು ಆವರ್ತನಕ್ಕೆ, ಅಂದರೆ ತಾಳದ ಒಂದು ಸುತ್ತಿಗೆ, 8 ತಟ್ಟು. ವೇಗ ಇಮ್ಮಡಿಯಾಗುವ ಎರಡನೆಯ ಕಾಲದಲ್ಲಿ 16, ಮತ್ತೆ ಇಮ್ಮಡಿಯಾಗುವ ಮೂರನೆಯದರಲ್ಲಿ 32. ಮೂರು ಕಾಲ ಒಂದೊಂದೇ ಆವರ್ತನ ಮಾಡಿದರೂ 56. ಇದು ಒಂದೇ ಅಡವಿನ ಮಾತು. ವರ್ಣವೆಂದರೆ ಅರ್ಧ ಗಂಟೆಗೂ ಮೀರಬಹುದು, ನಡುನಡುವೆ ಅಡವುಗಳನ್ನು ಪೋಣಿಸಿದ ಜತಿಗಳು ಒಂದರ ಹಿಂದೊಂದು. ಅದನ್ನೆಲ್ಲ ಕಾಂಕ್ರೀಟಿನ ಮೇಲೆ ಹಾಸಿದ ಗ್ರಾನೈಟ್ ನೆಲದಲ್ಲಿ ಮಾಡಿಸುವುದನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಮರದ ನೆಲವಿರುವ ಶಾಲೆ ಸಿಕ್ಕಿದ್ದರೆ ಅದೇ ದೊಡ್ಡ ಭಾಗ್ಯ.

ಹಾಗೆಂದು ಈ ಕಾಲ ವ್ಯರ್ಥವಲ್ಲ. ಕಾಲಿಗೆ ಬಿಡುವು ಕೊಟ್ಟಾಗ ಕಲಿಯಬೇಕಾದದ್ದು ರಾಶಿ ಇದೆ: ಕೈಯಲ್ಲಿ ತಾಳ ಹಾಕುತ್ತ ಐದು ಜಾತಿಗಳಲ್ಲಿ (ಎಣಿಕೆಯ ಬಗೆಗಳಲ್ಲಿ) ಸೊಲ್ಲು, ಅಂದರೆ ಲಯದ ಅಕ್ಷರಗಳನ್ನು, ಹೇಳುವುದು, ತಾಳ ತಟ್ಟುವ ಮರದ ತಟ್ಟುಮಣೆ ಹಿಡಿದು ಗೆಳತಿಯರ ಅಡವಿಗೆ ನಟುವಾಂಗ ಮಾಡುವುದು (ತಾಳ ಹಾಕಿ ಸೊಲ್ಲು ಹೇಳಿ ಕುಣಿಸುವುದು), ಹಸ್ತಗಳ ವಿನಿಯೋಗ (ಯಾವ ಕೈಮುದ್ರೆ ಯಾವುದಕ್ಕೆ ಎಂಬುದು), ಪದಗಳೆಂಬ ಹಾಡುಗಳಿಗೆ ಕೂತಲ್ಲೇ ಮಾಡುವ ಅಭಿನಯ. ಜಟ್ಟಿ ತಾಯಮ್ಮನವರೂ ಅವರ ಶಿಷ್ಯೆ ವೆಂಕಟಲಕ್ಷಮ್ಮನವರೂ ಬೆಳಗಿದ ಮೈಸೂರು ಭರತನಾಟ್ಯ ಪರಂಪರೆ ಅಭಿನಯಕ್ಕೇ ಹೆಸರಾದದ್ದು. ಹದಿಮೂರರ ಹುಡುಗಿಗೆ ಒಂದು ಸಾಲನ್ನು ಹತ್ತು ಬಗೆಯಲ್ಲಿ ಹೇಳಲು ಕೊಟ್ಟು ನೋಡಿ, ಕುಣಿಯಲಾಗದ ಸಿಟ್ಟೆಲ್ಲ ಕಣ್ಣಿಗೆ ಇಳಿದು ಬರುತ್ತದೆ. ನನಗಂತೂ ವರ್ಷದ ಅತ್ಯಂತ ಪ್ರೀತಿಯ ತರಗತಿಗಳು ಅವೇ.

1930ರಲ್ಲಿ ಶುರುವಾದ ಕೇರಳ ಕಲಾಮಂಡಲವೆಂಬ ಕಲಾಶಾಲೆಯಲ್ಲೂ ಎಂಟನೆಯ ತರಗತಿಗೆ ಮಕ್ಕಳನ್ನು ಸೇರಿಸಿಕೊಳ್ಳುತ್ತಾರೆ. ಕಥಕಳಿಯ ಮಕ್ಕಳಿಗೆ ಮಳೆಗಾಲದಲ್ಲಿ ಎಣ್ಣೆ ಹಚ್ಚಿ ಕಾಲಿನಿಂದ ಮೈ ಉಜ್ಜುವ ಪದ್ಧತಿ ಅಲ್ಲಿದೆ. ಪಾತ್ರ ಕಟ್ಟುವ ಮೊದಲು ಮೈ ಹದ ಮಾಡಬೇಕು ಎಂಬ ತಿಳಿವಳಿಕೆ ಅದು. ಅದನ್ನು ನೋಡಿ ಮನೆಯಲ್ಲಿ ಯಾರೂ ಮಗುವಿನ ತೊಡೆಯ ಮೇಲೆ ನಿಂತು ಒತ್ತಬೇಡಿ. ಅದು ಬಲ್ಲವರ ಕೆಲಸ.

ಊಟದ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಬೆಳಗಿನ ಅಭ್ಯಾಸಕ್ಕೆ ಹಸಿದ ಹೊಟ್ಟೆಯಲ್ಲಿ ಇಳಿಯಬಾರದು, ಒಂದು ಬಾಳೆಹಣ್ಣಾದರೂ ಸಾಕು. ರಾಗಿ, ಕಾಳು, ಸೊಪ್ಪು ಧಾರಾಳವಾಗಿರಲಿ. ಊಟದ ಬೆನ್ನಿಗೇ ಚಹಾ, ಕಾಫಿ ಬೇಡ, ಕಬ್ಬಿಣಾಂಶ ಸರಿಯಾಗಿ ಮೈಗೆ ಹತ್ತುವುದಿಲ್ಲ. ಯಾರಾದರೂ ಅವಳಿಗೆ ತೆಳ್ಳಗಾಗು ಎಂದರೆ ಅಲ್ಲೇ ತಡೆಯಿರಿ. ನಿಯಮಿತವಾಗಿದ್ದ ಮುಟ್ಟು ಮೂರು ತಿಂಗಳು ನಿಂತರೆ ವೈದ್ಯರಿಗೆ ತೋರಿಸಿ.

ನೋವು ರಾತ್ರಿ ನಿದ್ದೆಯಿಂದ ಎಬ್ಬಿಸಿದರೆ, ಮಂಡಿ ಊದಿಕೊಂಡರೆ, ಕುಂಟಿದರೆ ಮೂಳೆ ವೈದ್ಯರ ಬಳಿ ಹೋಗಿ. ಕುಂಟುವುದರ ಜೊತೆಗೆ ತೊಡೆಸಂದಿಯಲ್ಲೋ ಸೊಂಟದಲ್ಲೋ ನೋವಿದ್ದರೆ ಒಂದು ದಿನವೂ ಕಾಯಬೇಡಿ. ಇವು ಯಾವುದೂ ಇಲ್ಲವೆಂದರೆ ಮುಂದಿನ ಸಲ ಶಾಲೆಗೆ ಹೋದಾಗ ಗುರುಗಳನ್ನು ಕೇಳಿ: ವಾರಕ್ಕೆ ಎಷ್ಟು ದಿನ ವಿಶ್ರಾಂತಿ, ಜಿಗಿತದ ಅಡವುಗಳನ್ನು ಎಷ್ಟು ಇಳಿಸಿದ್ದೀರಿ, ಅವಳ ಎತ್ತರವನ್ನು ಆಗಾಗ ಅಳೆದು ಬರೆದಿಡುತ್ತೀರಾ. ರಂಗಪ್ರವೇಶದ ದಿನಾಂಕವನ್ನು ಮಾತ್ರ ಸದ್ಯ ಕೇಳಬೇಡಿ.