ಹೂಮಳೆ ಪುಷ್ಪವೃಷ್ಟಿಯಾದ ಕತೆ

ವಿರಾಜಪೇಟೆ ಕಡೆಯ ಓದುಗರೊಬ್ಬರ ಪತ್ರ. ಹೆಸರು ಬೇಡ ಎಂದಿದ್ದಾರೆ. "ನಾನು ಅತಿಥಿ ಉಪನ್ಯಾಸಕಿ. ಕಾಫಿ ತೋಟದ ಕೂಲಿ ಹೆಣ್ಣುಮಕ್ಕಳ ಬಗ್ಗೆ ಕನ್ನಡದಲ್ಲೇ ಪಿಎಚ್.ಡಿ. ಪ್ರಬಂಧ ಬರೆದೆ. ಬೇರೆ ಬರಹಗಳ ಜೊತೆ ಶೇ. 22 ಹೋಲಿಕೆ ಇದೆ ಎಂದು ವಾಪಸ್ ಬಂದಿದೆ. ಗೈಡ್‌ಗೆ ಪುರುಸೊತ್ತಿಲ್ಲ. ಮೈಸೂರಿನಲ್ಲಿ ಒಬ್ಬರು ಪುಟಕ್ಕಿಷ್ಟು ಅಂತ ತಗೊಂಡು ತಿದ್ದಿ ಕೊಡುತ್ತಾರಂತೆ. ಹೊರಗಿನವರ ಸಹಾಯ ಪಡೆದರೆ ತಪ್ಪಾ?"

ತಪ್ಪಲ್ಲ. ಕಾಗುಣಿತ ನೋಡಲು, ಪುಟ ಜೋಡಿಸಲು ದುಡ್ಡು ಕೊಡಿ, ಯಾರೂ ಬೇಡ ಅನ್ನುವುದಿಲ್ಲ. ಆದರೆ ಆ ಮೈಸೂರಿನವರ ಹೆಸರನ್ನು ನಿಮ್ಮ ಕೃತಜ್ಞತೆಯ ಪುಟದಲ್ಲಿ ಹಾಕುತ್ತೀರಾ? ಹಾಕುವುದಿಲ್ಲ, ಅಲ್ವಾ? ಹಾಗಿದ್ದರೆ ಆ ಸಹಾಯವೂ ಬೇಡ.

ನನ್ನ ಕಿರುಪ್ರಬಂಧದ ಕೃತಜ್ಞತೆಯಲ್ಲಿ ಮೊದಲ ಹೆಸರು ಮಡಿಕೇರಿಯ ಟೈಪಿಸ್ಟ್ ಒಬ್ಬರದು. ಕಾರ್ಬನ್ ಹಾಳೆಯ ಕಾಲ. ಅರ್ಧಕ್ಕೆ ಯಂತ್ರ ನಿಲ್ಲಿಸಿ ಕೇಳಿದರು, "38ನೇ ಪುಟದಲ್ಲಿ ಕರಿಮೆಣಸು ಎಕರೆಗೆ ಒಂದು ಲೆಕ್ಕ, ಇಲ್ಲಿ ಇನ್ನೊಂದು. ಯಾವುದು ಸ್ವಾಮಿ ಸರಿ?" ಎರಡೂ ತಪ್ಪಾಗಿದ್ದವು. ಅವರು ತಿದ್ದಲಿಲ್ಲ, ತೋರಿಸಿದರು. ನಾನು ಮತ್ತೆ ತೋಟಕ್ಕೆ ಹೋದೆ.

ನಮ್ಮಲ್ಲಿ ಮರ ಕಪಾತಿಗೆ, ಅಂದರೆ ಕೊಂಬೆ ಸವರಲು, ಹೊರಗಿನ ಆಳು ಬರುವುದಿಲ್ಲವೇ? ಬರುತ್ತಾರೆ. ಆದರೆ ಯಾವ ಕೊಂಬೆ ಅಂತ ತೋಟದವರೇ ಕೆಳಗೆ ನಿಂತು ತೋರಿಸಬೇಕು. ತೋರಿಸದಿದ್ದರೆ ಏನಾಗುತ್ತದೆ ಎಂದು ಪರಿಚಯದ ಹುಡುಗನೊಬ್ಬನ ಪ್ರಬಂಧದಲ್ಲಿ ನೋಡಿದೆ. ಹೋಲಿಕೆ ಇಳಿಸಲು ಯಾರೋ ಮಾತುಮಾತಿಗೂ ಬೇರೆ ಮಾತು ಹಾಕಿದ್ದರು. ತೋಟದ ಕೂಲಿಯವರು ಇರುವ ಲೈನ್‌ಮನೆ 'ಸಾಲುಗೃಹ' ಆಗಿತ್ತು. ಕಾಫಿ ಹೂ ಅರಳಿಸುವ ಮಾರ್ಚ್ ತಿಂಗಳ ಮಳೆ, ನಮ್ಮ ಹೂಮಳೆ, 'ಪುಷ್ಪವೃಷ್ಟಿ' ಆಗಿತ್ತು! ಕಾಫಿ ಗಿಡದ ಮೇಲೆ ದೇವತೆಗಳು ಹೂ ಸುರಿಸಿದ ಹಾಗೆ. ಹೋಲಿಕೆಯೇನೋ ಇಳಿದಿತ್ತು. ಜೊತೆಗೆ ಕೊಡಗೂ ಹೋಗಿತ್ತು.

ನೀವು ಹೆದರಿದ್ದು ಜಾಸ್ತಿಯಾಯಿತು. ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2018ರ ನಿಯಮದಲ್ಲಿ ಶೇ. 10ರಿಂದ 40ರವರೆಗೆ ಹೋಲಿಕೆ ಇದ್ದರೆ ಆರು ತಿಂಗಳೊಳಗೆ ತಿದ್ದಿ ಮತ್ತೆ ಕೊಡಬೇಕು, ಅಷ್ಟೇ. 40 ದಾಟಿದವರು ಒಂದು ವರ್ಷ ಕೊಡುವಂತಿಲ್ಲ. 60 ದಾಟಿದರೆ ನೋಂದಣಿಯೇ ರದ್ದು. ಮೂಲ ಹೇಳಿ ಉದ್ಧರಣ ಚಿಹ್ನೆಯೊಳಗೆ ಕೊಟ್ಟ ಮಾತು, ಗ್ರಂಥಸೂಚಿ, ಕಾನೂನಿನ ಪಠ್ಯ ಇವೆಲ್ಲ ಲೆಕ್ಕಕ್ಕೆ ಬರಬಾರದು. 1951ರ ಪ್ಲಾಂಟೇಶನ್ ಕಾರ್ಮಿಕರ ಕಾಯ್ದೆಯ ಕಲಮುಗಳನ್ನು ನೀವು ಹಾಗೇ ಇಳಿಸಿರಬೇಕು. ಅವನ್ನು ಬಿಟ್ಟು ಎಣಿಸಿದ್ದಾರಾ ಎಂದು ಮೊದಲು ಕೇಳಿ. ಆ ವರದಿಯಲ್ಲಿ ಬಣ್ಣ ಬಳಿದ ಸಾಲುಗಳನ್ನು ಒಂದೊಂದಾಗಿ ನೋಡಿ. ಎಷ್ಟೋ ಕಡೆ ಒಂದು ಅಡಿಟಿಪ್ಪಣಿ ಮರೆತಿರುತ್ತೀರಿ.

ಇನ್ನು ಗೈಡ್. ಪ್ರೊಫೆಸರ್ ಒಬ್ಬರ ಕೈಕೆಳಗೆ ಒಂದು ಹೊತ್ತಿಗೆ ಎಂಟು ಪಿಎಚ್.ಡಿ. ವಿದ್ಯಾರ್ಥಿಗಳಿಗಿಂತ ಹೆಚ್ಚು ಇರುವಂತಿಲ್ಲ. ಅಸಿಸ್ಟೆಂಟ್ ಪ್ರೊಫೆಸರ್‌ಗೆ ನಾಲ್ಕೇ. ನಾಲ್ಕೆಂಟು ಜನರ ಬರಹ ಓದಲು ಪುರುಸೊತ್ತಿಲ್ಲವೇ? ಓದದೆ ಸಹಿ ಹಾಕುವವರು ಇರುವವರೆಗೂ ಪುಟಕ್ಕಿಷ್ಟು ಎನ್ನುವ ಅಂಗಡಿ ಮುಚ್ಚುವುದಿಲ್ಲ. ಓದುವವರಾದರೂ ಎಲ್ಲಿದ್ದಾರೆ? ಕನ್ನಡ ಪ್ರಬಂಧಗಳು ಪಿಎಚ್.ಡಿ. ಪ್ರಬಂಧಗಳ ಆನ್‌ಲೈನ್ ಭಂಡಾರವಾದ ಶೋಧಗಂಗಾಕ್ಕೆ ಹೋಗುತ್ತವೆ. ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದ್ದರೆ ಒಳಗಿನ ಒಂದು ಕನ್ನಡ ಪದವೂ ಹುಡುಕಿದರೆ ಸಿಗುವುದಿಲ್ಲ. ಐದು ವರ್ಷದ ದುಡಿಮೆ ಸುಮ್ನೆ ಕೂತಿರುತ್ತದೆ.

ಒಂದು ಮಾತು, ಬೇಜಾರು ಮಾಡಿಕೊಳ್ಳಬೇಡಿ. ನಿಮ್ಮ ನಾಲ್ಕು ಪುಟದ ಪತ್ರದಲ್ಲಿ ನಾನು ತಿದ್ದಬೇಕಾದದ್ದು ಒಂದು ದೀರ್ಘ ಮಾತ್ರ. ಹೀಗೆ ಬರೆಯುವವರು ಮೈಸೂರಿಗೆ ಯಾಕೆ ಹೋಗಬೇಕು? ಲೈನ್‌ಮನೆಯ ಮಾತುಕತೆ ಇರುವ ಅಧ್ಯಾಯವನ್ನು ಮೊದಲು ನಮ್ಮ ಕಚೇರಿಗೆ ಕಳಿಸಿ. ದುಡ್ಡು ಬೇಡ. ಸಾಲು ಬಿಟ್ಟು ಸಾಲು ಪ್ರಿಂಟ್ ಮಾಡಿಸಿ, ಎಡಗಡೆ ಜಾಗ ಇರಲಿ. ನನ್ನ ಕೆಂಪು ಪೆನ್ನಿಗೆ ಸ್ವಲ್ಪ ಜಾಸ್ತಿಯೇ ಬೇಕಾಗುತ್ತದೆ.