ಸೇವೆ ಆಮೇಲೆ ಮಾಡಿ, ಮೊದಲು ಪಂಗತ್‌ನಲ್ಲಿ ಕೂತು ಉಣ್ಣಿ

ಎರಡು ವರ್ಷದಿಂದ ಪ್ರತಿ ಭಾನುವಾರ ಗುರುದ್ವಾರದಲ್ಲಿ ಸೇವೆ ಮಾಡುತ್ತಿದ್ದೇನೆ, ಅಹಂಕಾರ ಹೋಗಿಲ್ಲ, ಗುರುವಿನ ಕೃಪೆಗೆ ಇನ್ನೂ ಎಷ್ಟು ಸೇವೆ ಬೇಕು ಅಂತ ಕೇಳಿದ್ದೀರಿ. ಆ 'ಎಷ್ಟು' ಓದಿದ ಕೂಡಲೇ ನನಗೆ ನನ್ನ ನೀಲಿ ಡೈರಿ ನೆನಪಾಯಿತು.

ನಾನು ಬೀದರ್ ಕಡೆಯವನು. ಬ್ಯಾಂಕ್ ನೌಕರಿ. ಅಮೃತಸರಕ್ಕೆ ವರ್ಗವಾದಾಗ ಊರು ಬಿಟ್ಟ ಸಂಕಟ ತಡೆಯಲಾಗದೆ ಅಲ್ಲಿನ ಸ್ವರ್ಣಮಂದಿರ ಹರ್‌ಮಂದಿರ್ ಸಾಹಿಬ್‌ಗೆ ಹೋಗಲು ಶುರು ಮಾಡಿದೆ. ಮೊದಲು ಚಪ್ಪಲಿ ಬಿಡುವ ಜೋಡಾ ಘರ್‌ನಲ್ಲಿ ಚಪ್ಪಲಿ ಎತ್ತಿಡುವ ಸೇವೆ. ಆಮೇಲೆ ಲಂಗರ್‌ನಲ್ಲಿ, ಅಂದರೆ ಎಲ್ಲರಿಗೂ ಬಿಟ್ಟಿ ಊಟ ಹಾಕುವ ಕಡೆ, ತಟ್ಟೆ ತೊಳೆಯುವುದು. ಅಲ್ಲಿ ದಿನಕ್ಕೆ 50,000ಕ್ಕೂ ಜಾಸ್ತಿ ಜನ ಉಣ್ಣುತ್ತಾರೆ, ತಟ್ಟೆಗಳ ಸದ್ದು ಹಗಲೂ ರಾತ್ರಿ ನಿಲ್ಲುವುದಿಲ್ಲ. 40 ಭಾನುವಾರ ಮಾಡುತ್ತೇನೆ, ಊರಿಗೆ ವರ್ಗ ಕೊಡಿಸು ಅಂತ ಮನಸ್ಸಿನಲ್ಲೇ ಹರಕೆ ಹೊತ್ತೆ. ಯಾವ ವಾರ ಎಷ್ಟು ಗಂಟೆ ಅಂತ ಡೈರಿಯಲ್ಲಿ ಬರೆದಿಡುತ್ತಿದ್ದೆ.

ತಪ್ಪು ಬರೀ ಆ ಡೈರಿಯಲ್ಲಿ ಇರಲಿಲ್ಲ. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಅಷ್ಟು ತಿಂಗಳು ಹೋಗಿ ಬಂದರೂ ನಾನು ಅಲ್ಲಿ ಉಣ್ಣುತ್ತಿರಲಿಲ್ಲ. ಮನೆಯಲ್ಲೇ ಉಂಡು ಹೋಗುತ್ತಿದ್ದೆ. ಶುರುವಿನಲ್ಲಿ ಎರಡು ಸಲ ಉಂಡೆ, ಎರಡೂ ಸಲ ಗೋಲಕ್‌ಗೆ, ಅಂದರೆ ಕಾಣಿಕೆ ಡಬ್ಬಿಗೆ, 100 ರೂಪಾಯಿ ಹಾಕಿದೆ. ಹಾಕಿದ ಮೇಲೆ ಮನಸ್ಸು ಹಗುರಾಯಿತು. ಆ ದುಡ್ಡು ಕಾಣಿಕೆಯಲ್ಲ, ಊಟದ ಬಿಲ್ಲು. ಬಿಟ್ಟಿ ಊಟ ಉಣ್ಣಬಾರದು ಅಂತ ಬೆಳೆದವನು ನಾನು, ಅದನ್ನೇ ದೊಡ್ಡ ಗುಣ ಅಂದುಕೊಂಡಿದ್ದೆ. ಒಳಗೆ ಇದ್ದದ್ದು ಬೇರೆ. ನಾನು ಕೊಡುತ್ತೇನೆ, ಯಾರಿಂದಲೂ ತೆಗೆದುಕೊಳ್ಳುವುದಿಲ್ಲ. ದೇವರ ಋಣ ಕೂಡ ನನ್ನ ಮೇಲೆ ಇರಬಾರದು. ಎಂಜಲು ತಟ್ಟೆ ತೊಳೆಯುತ್ತಿದ್ದರೂ ನನ್ನ ಕೈ ಸದಾ ಮೇಲೆಯೇ ಇತ್ತು.

31ನೇ ಭಾನುವಾರ ಅವ್ವ ಬಂದಿದ್ದಳು. ಬೀದರಿನ ಗುರುದ್ವಾರ ನಾನಕ್ ಝೀರಾದ ಬುಗ್ಗೆಯ ನೀರು ಕುಡಿದು ಬೆಳೆದವಳು, ಗುರುನಾನಕರು ಅವಳಿಗೆ ಹೊಸಬರಲ್ಲ. ಮೆಟ್ಟಿಲ ಹತ್ತಿರ ನಿಂತು, "ನಾವು ಗುಡಿಗೆ ಏರಿ ಹೋಗ್ತೀವಿ, ಇಲ್ಲಿ ಇಳಿದು ಹೋಗಬೇಕಲ್ಲ ತಮ್ಮಾ" ಅಂದಳು. ದರ್ಶನ ಆಯಿತು. ಲಂಗರ್ ಬಾಗಿಲಲ್ಲಿ "ಬಾ, ಇಬ್ರೂ ಉಣ್ಣೋಣ" ಅಂತ ಕೈ ಹಿಡಿದಳು. ಉಣ್ಣಲು ಕೂತರೆ ಆ ವಾರದ ಗಂಟೆ ಕಡಿಮೆಯಾಗುತ್ತದೆ. ನನಗೆ ಸೇವೆ ಇದೆ, ನೀನು ಉಣ್ಣು ಅಂತ ಅವಳನ್ನು ಪಂಗತ್‌ನಲ್ಲಿ, ಅಂದರೆ ಊಟದ ಸಾಲಿನಲ್ಲಿ, ಬಿಟ್ಟು ತಟ್ಟೆ ತೊಳೆಯುವ ತೊಟ್ಟಿ ಕಡೆ ಹೋದೆ. ಮಂಡಿ ನೋವಿನ ಹೆಂಗಸು, ಹಿಂದಿಯೂ ಬಾರದು, ಪಂಜಾಬಿಯೂ ಬಾರದು.

ರಾತ್ರಿ ಅವಳೇ ಹೇಳಿದಳು: "ರೊಟ್ಟಿಗೆ ಒಂದು ಕೈ ಚಾಚಿದ್ದೆ. ಬಾಜೂಕ ಕೂತಾಕಿ ನನ್ನ ಎರಡೂ ಕೈ ಜೋಡಿಸಿ ಹಿಡಿಸಿದಳು. ಪ್ರಸಾದ ಇಸ್ಕೊಂಡಂಗ ಇಸ್ಕೊಂಡೆ. ನೀ ಉಂಡೇನು?"

ನಾಲ್ಕು ತಿಂಗಳಲ್ಲಿ ಅವ್ವ ಹೋದಳು. ಅಷ್ಟರಲ್ಲಿ ನನ್ನ 40 ವಾರ ಮುಗಿದಿತ್ತು. ವರ್ಗದ ಆರ್ಡರ್ ಬಂದದ್ದು ಅವಳು ಹೋಗಿ ಮೂರು ವಾರಕ್ಕೆ. ನಾನು ಕೊಡಬೇಕಾದ್ದು ಕೊಟ್ಟೆ, ದೇವರು ಹೊತ್ತಿಗೆ ಕೊಡಲಿಲ್ಲ ಅಂತ ಸಿಟ್ಟು. ಹೋಗುವುದನ್ನೇ ಬಿಟ್ಟೆ.

ಅಮೃತಸರ ಬಿಡುವ ಹಿಂದಿನ ಸಂಜೆ ಸುಮ್ನೆ ಹೋದೆ. ಸೇವೆಗಲ್ಲ. ಬೆಳಗಿನಿಂದ ಏನೂ ತಿಂದಿರಲಿಲ್ಲ, ಹಸಿವಾಗಿತ್ತು. ಚಾಪೆಯ ಮೇಲೆ ಕೂತೆ. ಹತ್ತು ವರ್ಷದ ಹುಡುಗನೊಬ್ಬ "ಪರ್‌ಶಾದಾ ಜೀ" ಅಂತ ರೊಟ್ಟಿ ಹಿಡಿದು ನಿಂತ. ಅಲ್ಲಿ ರೊಟ್ಟಿಗೂ ಪ್ರಸಾದದ ಹೆಸರೇ. ಎರಡೂ ಕೈ ಚಾಚಿದೆ. ಅವ್ವ ಹೀಗೇ ಹಿಡಿದಿರಬೇಕು ಅನ್ನಿಸಿತು. ಅಳು ತಡೆಯಲಾಗಲಿಲ್ಲ. ಪಕ್ಕದವರು ಏನೂ ಕೇಳಲಿಲ್ಲ, ನೀರಿನ ಬಟ್ಟಲು ಹತ್ತಿರ ಸರಿಸಿದರು. ಆ ದಿನ ಗೋಲಕ್‌ಗೆ ಏನೂ ಹಾಕಲಿಲ್ಲ.

ನಿಮ್ಮ ಪ್ರಶ್ನೆಯೇ ಸರಿಯಿಲ್ಲ ಅಂತ ನಾನು ಹೇಳುವುದು ಇದಕ್ಕೇ. ಸಿಖ್ಖರ ಪ್ರಾರ್ಥನೆ ಜಪ್‌ಜಿಯಲ್ಲಿ ಗುರುನಾನಕರು ನೇರವಾಗಿ ಹೇಳಿದ್ದಾರೆ: ಕರ್ಮದಿಂದ ಸಿಗುವುದು ಬಟ್ಟೆ, ಅಂದರೆ ಈ ಮೈ. ಮೋಕ್ಷದ ಬಾಗಿಲು ನದರ್‌ನಿಂದ, ಅಂದರೆ ದೇವರ ಕೃಪೆಯ ನೋಟದಿಂದ. ನಮ್ಮ ಕಡೆ 'ನದರಿಗೆ ಬಿತ್ತು' ಅನ್ನುತ್ತೇವಲ್ಲ, ಅದೇ ಶಬ್ದ. ಅವನು ನೋಡಬೇಕು, ಅಷ್ಟೇ. ಇಷ್ಟು ಗಂಟೆಗೆ ಒಂದು ನೋಟ ಅಂತ ದರ ಇಲ್ಲ. ಸುಲ್ತಾನ್‌ಪುರ ಲೋಧಿಯಲ್ಲಿ ಅವರು ಧಾನ್ಯ ಅಳೆಯುವಾಗ ಹದಿಮೂರಕ್ಕೆ ಬಂದು 'ತೇರಾ, ತೇರಾ' ಅಂತ ಅಲ್ಲೇ ನಿಂತುಬಿಟ್ಟರು ಅನ್ನುವ ಕತೆ ಕೇಳಿರುತ್ತೀರಿ. ಹದಿಮೂರು ಅಂತಲೂ ಆಗುತ್ತದೆ, ನಿನ್ನದು ಅಂತಲೂ ಆಗುತ್ತದೆ. ನಾನು 40ರವರೆಗೂ ನನ್ನದು ಅಂತಲೇ ಎಣಿಸಿದೆ.

ಸೇವೆ ಮಾಡುತ್ತಾ ಹೋಗಿ, ಅಹಂಕಾರ ತಾನೇ ಕರಗುತ್ತದೆ ಅಂತ ಬೇರೆಯವರು ಹೇಳಬಹುದು. ಕೆಲವರಿಗೆ ಕರಗುತ್ತದೇನೋ. ನನಗೆ ಗಟ್ಟಿಯಾಯಿತು. ಗುರುನಾನಕರ ಆಸಾ ದಿ ವಾರ್ ಅನ್ನುವ ಪದ್ಯದಲ್ಲಿ ಒಂದು ಮಾತಿದೆ, ಜಿಂಕೆ ಕೊಲ್ಲುವ ಬೇಟೆಗಾರ ಎಲ್ಲರಿಗಿಂತ ಎರಡು ಪಟ್ಟು ಬಗ್ಗುತ್ತಾನೆ ಅಂತ. ತೊಟ್ಟಿಯ ಮುಂದೆ ಬಗ್ಗಿ ನಿಂತ ನಾನು ಅವನೇ.

ಹಾಗಾಗಿ ಗಂಟೆ ಜಾಸ್ತಿ ಮಾಡಬೇಡಿ. ಒಂದು ತಿಂಗಳು ಸೇವೆಯನ್ನೇ ನಿಲ್ಲಿಸಿ. ಹಸಿದುಕೊಂಡು ಹೋಗಿ, ಪಂಗತ್‌ನಲ್ಲಿ ಕೂತು, ಬಡಿಸಿದ್ದನ್ನು ಉಂಡು, ಏನೂ ತೀರಿಸದೆ ಎದ್ದು ಬನ್ನಿ. ಪಂಜಾಬಿನ ಗೋಯಿಂದ್‌ವಾಲ್‌ನಲ್ಲಿ ಮೂರನೇ ಸಿಖ್ ಗುರು ಅಮರದಾಸರನ್ನು ನೋಡಲು ಬಂದ ಅಕ್ಬರ್ ಕೂಡ ಮೊದಲು ಎಲ್ಲರ ಜೊತೆ ಸಾಲಿನಲ್ಲಿ ಕೂತು ಉಂಡ ಅಂತ ಸಿಖ್ಖರು ಹೇಳುತ್ತಾರೆ. ಬರಿಗೈ ಚಾಚಿ ಕೂರುವುದು ತಟ್ಟೆ ತೊಳೆಯುವುದಕ್ಕಿಂತ ಎಷ್ಟು ಕಷ್ಟ ಅಂತ ಮೊದಲ ವಾರವೇ ಗೊತ್ತಾಗುತ್ತದೆ.

ನಿಮ್ಮ ತಾಯಿ ಇದ್ದರೆ ಅವರನ್ನೂ ಕರೆದುಕೊಂಡು ಹೋಗಿ. ಪಕ್ಕದಲ್ಲೇ ಕೂತುಕೊಳ್ಳಿ.